ಸಂಗಡಿಗರ ಸಾವು ಯಾರ ಕೈಯಲ್ಲಿರಬೇಕು?

ಕಥೆಯೇ ಜೀವಾಳವಾಗಿರುವ ರೋಲ್‌ಪ್ಲೇಯಿಂಗ್ ಗೇಮ್‌ಗಳನ್ನು ಮನಸ್ಸಿಟ್ಟು ಆಡುವವರ ನಡುವೆ ಒಂದು ಅಭಿಪ್ರಾಯ ಈಗ ಹೆಚ್ಚುಕಡಿಮೆ ನಿಯಮದಂತಾಗಿದೆ. ನಮ್ಮ ಜೊತೆ ಊರೂರು ಅಲೆದು, ಪಕ್ಕದಲ್ಲಿ ನಿಂತು ಕಾದಾಡಿ, ರಾತ್ರಿ ಬಿಡಾರದಲ್ಲಿ ತಮ್ಮ ಹಿಂದಿನ ಬದುಕನ್ನು ತೋಡಿಕೊಳ್ಳುವ ಸಂಗಡಿಗರು ಸಾಯುವ ಸಾಧ್ಯತೆ ಆಟದಲ್ಲಿ ಇರಲೇಬೇಕು. ಸಾಯುತ್ತಾರೋ ಉಳಿಯುತ್ತಾರೋ ಅನ್ನುವುದು ಆಡುವವರು ಮಾಡಿದ್ದನ್ನೇ ಅವಲಂಬಿಸಿರಬೇಕು. ಇದರ ಹಿಂದಿನ ತರ್ಕ ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಕಾದಂಬರಿಯಲ್ಲೂ ಸಿನಿಮಾದಲ್ಲೂ ಸಾವು ಬರೆದವರ ಕೈಯಲ್ಲಿರುತ್ತದೆ, ನಾವು ನೋಡುತ್ತ ಕೂರಬೇಕು. ಗೇಮ್‌ನಲ್ಲಾದರೆ ನಮಗೆ ಏನಾದರೂ ಮಾಡುವ ಅವಕಾಶವಿದೆ. ಆ ಅವಕಾಶವನ್ನು ಅತಿ ಮುಖ್ಯವಾದ ಗಳಿಗೆಯಲ್ಲೇ ಕಿತ್ತುಕೊಂಡರೆ ಗೇಮ್ ಆಗಿ ಉಳಿದದ್ದೇನು? ಅಲ್ಲದೆ, ಕಳೆದುಕೊಳ್ಳುವ ಭಯವಿಲ್ಲದ ಕಡೆ ಜೋಪಾನವೂ ಇರುವುದಿಲ್ಲ. ಏನೇ ಮಾಡಿದರೂ ಉಳಿಯುತ್ತಾರೆ ಎಂದು ಗೊತ್ತಿರುವವರ ಬಗ್ಗೆ ನಾವು ಎಚ್ಚರ ವಹಿಸುವುದಿಲ್ಲ. ಏನೇ ಮಾಡಿದರೂ ಸಾಯುತ್ತಾರೆ ಎಂದು ಗೊತ್ತಾದವರ ಬಗ್ಗೆಯೂ ಅಷ್ಟೆ. ಆದ್ದರಿಂದ ತಪ್ಪಿಸಬಹುದಾಗಿದ್ದ ಸಾವೇ ತೂಕದ ಸಾವು, ಕಥೆಗಾರರು ಮೊದಲೇ ನಿಗದಿ ಮಾಡಿದ ಸಾವು ಮೋಸ, ಎಲ್ಲರನ್ನೂ ಉಳಿಸಿಕೊಡುವ ಆಟ ಪುಕ್ಕಲು. ಹೀಗೆ ವಾದ ಸಾಗುತ್ತದೆ.

ಈ ವಾದದ ಒಂದೊಂದು ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೂ ತೀರ್ಮಾನ ತಪ್ಪು ಎಂದೇ ನನ್ನ ನಂಬಿಕೆ, ಮತ್ತು ಈ ತಪ್ಪಿಗೆ ಬೆಲೆ ತೆರುತ್ತಿರುವವರು ಆ ಸಂಗಡಿಗ ಪಾತ್ರಗಳೇ. ಸಾಯಬಹುದು ಎಂಬ ಒಂದೇ ಗುಣದಿಂದ ಯಾರ ಸಾವಿಗೂ ತೂಕ ಬರುವುದಿಲ್ಲ. ಸಾಯುವಾತನಿಗೆ ತನ್ನದೇ ಆದ ಮನಸ್ಸೊಂದಿದೆಯೇ, ಆತ ಹೋದ ಮೇಲೆ ಅವನ ಜಾಗ ಖಾಲಿ ಕಾಣುತ್ತದೆಯೇ ಎಂದು ಕೇಳಬೇಕು. ನಾವು ಇದನ್ನು ಕೇಳುವುದನ್ನು ಬಿಟ್ಟು, ಗುಂಡಿ ಯಾರ ಕೈಯಲ್ಲಿತ್ತು ಎಂದು ಕೇಳುತ್ತಿದ್ದೇವೆ.

ಗೊಂದಲದ ಬೇರು ಭಾಷೆಯಲ್ಲೇ ಇದೆ. ಈ ಗೇಮ್‌ಗಳಲ್ಲಿ ‘ಸಾವು’ ಎಂಬ ಒಂದೇ ಹೆಸರಿನಡಿ ಬೇರೆಬೇರೆ ಮೂರು ಸಂಗತಿಗಳು ಓಡಾಡುತ್ತಿವೆ.

1. ಲೆಕ್ಕದ ಸಾವು. ಕಾದಾಟದಲ್ಲಿ ಪಾತ್ರದ ಪ್ರಾಣಾಂಕ ಸೊನ್ನೆಗಿಳಿಯುತ್ತದೆ, ಅದು ನೆಲಕ್ಕೆ ಬೀಳುತ್ತದೆ, ಮದ್ದೋ ಮಂತ್ರವೋ ತಾಗಿದರೆ ಏಳುತ್ತದೆ. ಯುದ್ಧದ ಮೇಜಿನಾಟಗಳಿಂದ ಹುಟ್ಟಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಿಂದ ಈ ಎಣಿಕೆ ಎಲ್ಲ ಕಡೆ ಹರಡಿತು.

2. ದಂಡದ ಸಾವು. ಆಡುವವರು ಎಡವಿದ್ದಕ್ಕೆ, ಸಿದ್ಧತೆ ಸಾಲದ್ದಕ್ಕೆ, ತಪ್ಪು ಆಯ್ಕೆಗೆ ಸಂಗಡಿಗ ಶಾಶ್ವತವಾಗಿ ಕೈತಪ್ಪುವುದು.

3. ಕಥೆಯ ಸಾವು. ಒಬ್ಬ ವ್ಯಕ್ತಿಯ ಬದುಕು ಮುಗಿಯಿತು ಎಂದು ಕಥೆಯೇ ಹೇಳುವುದು.

ಲೇರಿಯನ್ ಸ್ಟುಡಿಯೋಸ್ 2023ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಈ ವ್ಯತ್ಯಾಸವನ್ನು ಕಣ್ಣಾರೆ ಕಾಣಬಹುದು. ಬಿಡಾರದಲ್ಲಿ ವಿದರ್ಸ್ ಎಂಬ ಒಣಗಿದ ಮೈಯ ಪಾತ್ರವೊಂದು ನಿಂತಿರುತ್ತದೆ. ಕಾದಾಟದಲ್ಲಿ ಸತ್ತ ಯಾವ ಸಂಗಡಿಗರನ್ನಾದರೂ 200 ಚಿನ್ನದ ನಾಣ್ಯಕ್ಕೆ ಅದು ಬದುಕಿಸಿಕೊಡುತ್ತದೆ. ಅದೇ ಬಿಡಾರದಲ್ಲಿ ಕಾರ್ಲಾಕ್ ಎಂಬವಳಿದ್ದಾಳೆ. ಅವಳ ಎದೆಯಲ್ಲಿ ಹೃದಯದ ಬದಲು ನರಕದ ಎಂಜಿನ್ ಒಂದು ಉರಿಯುತ್ತಿದೆ. ಈ ಲೋಕದಲ್ಲೇ ಉಳಿದರೆ ಅದು ಅವಳನ್ನು ಸುಟ್ಟುಬಿಡುತ್ತದೆ. ಇದಕ್ಕೆ ವಿದರ್ಸ್‌ನ ಬಳಿ ದರಪಟ್ಟಿ ಇಲ್ಲ. ನಾಲ್ಕು ಸಲ ನಾಣ್ಯ ಕೊಟ್ಟು ಎಬ್ಬಿಸಿದ ಅದೇ ಕಾರ್ಲಾಕ್‌ಳ ಎಂಜಿನ್ ಬಗ್ಗೆ ಆಡುವವರು ಹೊಟ್ಟೆಯಲ್ಲಿ ಸಂಕಟ ಪಡುತ್ತಾರೆ, ಮತ್ತು ಅವರಿಗೆ ಇದರಲ್ಲಿ ವಿರೋಧಾಭಾಸವೇನೂ ಕಾಣುವುದಿಲ್ಲ. ಕಾಣದಿರುವುದೇ ಸರಿ. ಆಡುವ ಹೊತ್ತಿಗೆ ಎಲ್ಲರಿಗೂ ಸಹಜವಾಗಿ ಗೊತ್ತಿರುವ ಈ ಭೇದ ವಾದಕ್ಕೆ ಕೂತಾಗ ಮರೆತುಹೋಗುತ್ತದೆ. ಎರಡನೆಯ ಬಗೆಯ ಸಾವನ್ನು ತೋರಿಸಿ ಮೂರನೆಯದರ ಗೌರವವನ್ನು ಅದಕ್ಕೆ ಕೇಳುತ್ತೇವೆ.

ದಂಡದ ಸಾವನ್ನು ಅತ್ಯಂತ ಪ್ರಾಮಾಣಿಕವಾಗಿ ನಡೆಸಿಕೊಂಡು ಬಂದದ್ದು ಜಪಾನಿನ ‘ಫೈರ್ ಎಂಬ್ಲಮ್’ ಸರಣಿ. 1990ರಲ್ಲಿ ಫ್ಯಾಮಿಕಾಮ್‌ಗೆ ಬಂದ ಮೊದಲ ಆಟದಿಂದಲೂ ಅಲ್ಲಿ ಪ್ರತಿ ಸೈನಿಕನಿಗೂ ಹೆಸರಿದೆ, ಮುಖವಿದೆ, ಬಿದ್ದವರು ಮತ್ತೆ ಏಳುವುದು ತೀರ ಅಪರೂಪ. ಚದುರಂಗದ ಕಾಲಾಳುವಿಗೆ ಹೆಸರಿಟ್ಟ ಈ ಯೋಚನೆ ದೊಡ್ಡದು. ಆದರೆ ಆಡುವವರು ಅದನ್ನು ಹೇಗೆ ಆಡುತ್ತಾರೆ ಎಂದು ನೋಡಿ. ಒಬ್ಬಳು ಸತ್ತ ಕೂಡಲೇ ಯಂತ್ರವನ್ನು ಆರಿಸಿ ಆ ಅಧ್ಯಾಯವನ್ನು ಮೊದಲಿಂದ ಶುರುಮಾಡುತ್ತಾರೆ. ಇದು ಎಷ್ಟು ವ್ಯಾಪಕವಾದ ರೂಢಿಯೆಂದರೆ, 2010ರ ಆವೃತ್ತಿಯಲ್ಲಿ ಬಿದ್ದವರು ಅಧ್ಯಾಯ ಮುಗಿದ ಮೇಲೆ ಮರಳುವ ‘ಕ್ಯಾಶುಯಲ್’ ಬಗೆಯೊಂದನ್ನು ಸರಣಿಯೇ ಸೇರಿಸಿತು. ಹಾಗೆ ಮತ್ತೆ ಶುರುಮಾಡುವವರನ್ನು ಹೇಡಿಗಳೆಂದು ಬಯ್ಯುವವರಿದ್ದಾರೆ. ಸೇವ್ ಮಾಡಿದ್ದನ್ನು ಹಿಂತೆಗೆಯಲು ಬಿಡದ ಕಠಿಣ ಬಗೆಯೇ ಪರಿಹಾರ ಅನ್ನುತ್ತಾರೆ. ಅದು ಪರಿಹಾರವಲ್ಲ. ಬೀಗ ಹಾಕಿದ ಮಾತ್ರಕ್ಕೆ ಕಳವಳದ ಸ್ವರೂಪ ಬದಲಾಗುವುದಿಲ್ಲ. ಲೆಕ್ಕ ತಪ್ಪಿ ಒಬ್ಬನನ್ನು ಬಿಲ್ಲುಗಾರರ ಎಟುಕಿಗೆ ಬಿಟ್ಟು ಕಳೆದುಕೊಂಡಾಗ ನನ್ನೊಳಗೆ ಏಳುವ ಮೊದಲ ಮಾತು ‘ಅಯ್ಯೋ, ಆ ಮನೆಗೆ ನಡೆಸಬಾರದಿತ್ತು’ ಎಂದು. ಅದು ಪಶ್ಚಾತ್ತಾಪ, ಮತ್ತು ಅದರ ಕೇಂದ್ರದಲ್ಲಿರುವುದು ನಾನು. ಶೋಕದ ಕೇಂದ್ರದಲ್ಲಿ ಸತ್ತವರಿರುತ್ತಾರೆ. ಈ ಎರಡೂ ಒಟ್ಟಿಗೆ ಬರಬಹುದು, ನಿಜ. ಆದರೆ ತಪ್ಪಿಸಬಹುದಾಗಿತ್ತು ಎಂಬ ಅರಿವು ಹೆಚ್ಚಿದಷ್ಟೂ ಮೊದಲನೆಯದು ಎರಡನೆಯದರ ಜಾಗವನ್ನು ತಿನ್ನುತ್ತದೆ.

ಬಯೋವೇರ್ 2010ರಲ್ಲಿ ತಂದ ‘ಮಾಸ್ ಎಫೆಕ್ಟ್ 2’ ಇದಕ್ಕಿಂತ ಹೆಚ್ಚು ಸೂಕ್ಷ್ಮವಾದ ಉದಾಹರಣೆ, ಪ್ರತಿವಾದಿಗಳು ಮೊದಲು ಎತ್ತುವುದೂ ಇದನ್ನೇ. ಕೊನೆಯಲ್ಲಿ ಮರಳಿ ಬರುವ ಭರವಸೆಯಿಲ್ಲದ ದಾಳಿಯೊಂದಿದೆ. ಮೂಲ ಆಟದ 10 ಸಂಗಡಿಗರಲ್ಲಿ ಯಾರು ಬೇಕಾದರೂ ಅಲ್ಲಿ ಸಾಯಬಹುದು. ಎಲ್ಲವೂ ಕೆಟ್ಟರೆ ನಾಯಕ ಶೆಪರ್ಡ್ ಕೂಡ. ಹಡಗಿನ ಕವಚ ಬಲಪಡಿಸಿದ್ದೀರಾ, ಕೊಳವೆಯೊಳಗೆ ನುಗ್ಗಲು ತಂತ್ರಜ್ಞಾನ ಬಲ್ಲವರನ್ನೇ ಕಳಿಸಿದ್ದೀರಾ, ಪ್ರತಿಯೊಬ್ಬರ ಸ್ವಂತ ತೊಡಕನ್ನು ಬಿಡಿಸಲು ನೆರವಾಗಿ ಅವರ ನಿಷ್ಠೆ ಗಳಿಸಿದ್ದೀರಾ, ಇವೆಲ್ಲ ಗಣನೆಗೆ ಬರುತ್ತವೆ. ಮನೆಯ ಚಿಂತೆ ಬಗೆಹರಿಯದವನ ಗಮನ ಯುದ್ಧದಲ್ಲಿ ಚೆದುರುತ್ತದೆ, ಆದ್ದರಿಂದ ಆತ ಸಾಯುತ್ತಾನೆ. ಸಾವು ಇಲ್ಲಿ ವ್ಯಕ್ತಿತ್ವಕ್ಕೇ ಗಂಟುಬಿದ್ದಿದೆಯಲ್ಲ ಎಂದು ಕೇಳಬಹುದು. ಮೊದಲ ಸಲ ಆಡುವಾಗ ಹಾಗೆ ಅನಿಸುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ಏರ್ಪಾಡಿನಲ್ಲಿ ‘ಇವಳ ಮನಸ್ಸಿಗೆ ನೆಮ್ಮದಿ ಸಿಕ್ಕಿತೇ’ ಎಂಬ ಪ್ರಶ್ನೆ ‘ಇವಳ ಹೆಸರಿನ ಮುಂದೆ ಗುರುತು ಬಿತ್ತೇ’ ಎಂಬುದಾಗಿ ಬದಲಾಗುತ್ತದೆ. ಎಲ್ಲರನ್ನೂ ಜೀವಂತ ಕರೆತಂದರೆ ಆಟವೇ ಒಂದು ಬಿರುದನ್ನು ಕೊಡುತ್ತದೆ. ಅಂದರೆ ಯಾರಾದರೂ ಸತ್ತರೆ ಅದು ಪೂರ್ತಿ ಅಂಕ ಬರದ ಉತ್ತರಪತ್ರಿಕೆ ಎಂದು ಆಟವೇ ಒಪ್ಪಿಕೊಂಡಿದೆ. ಇನ್ನಷ್ಟು ಹಳೆಯದಾದ ‘ಸುಯಿಕೊಡೆನ್’ನಲ್ಲೂ ಇದೇ ಕಥೆ. 1995ರ ಆ ಆಟದಲ್ಲಿ ನಾಯಕನನ್ನು ಸಾಕಿ ಬೆಳೆಸಿದ ಗ್ರೆಮಿಯೊ ಮುಚ್ಚಿದ ಬಾಗಿಲ ಹಿಂದೆ ಪ್ರಾಣ ಬಿಡುತ್ತಾನೆ. 108 ಮಂದಿಯನ್ನೂ ಒಬ್ಬರೂ ಬಿಡದಂತೆ ಸೈನ್ಯಕ್ಕೆ ಸೇರಿಸಿಕೊಂಡವರಿಗೆ ಮಾತ್ರ ಆತ ಮರಳಿ ಸಿಗುತ್ತಾನೆ. ಆ ಮುಚ್ಚಿದ ಬಾಗಿಲ ದೃಶ್ಯ ಅಷ್ಟು ಚೆನ್ನಾಗಿದೆ, ಅದನ್ನು ಎಣಿಕೆಯ ಬಹುಮಾನವಾಗಿ ಹಿಂದಕ್ಕೆ ಪಡೆಯಬಹುದು ಅನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ.

ಇಷ್ಟಾದರೆ ರುಚಿಭೇದ ಎಂದು ಬಿಡಬಹುದಿತ್ತು. ಇದಕ್ಕಿಂತ ಗಂಭೀರವಾದ ನಷ್ಟವೊಂದಿದೆ, ಅದು ಬರವಣಿಗೆಯ ಒಳಗೆ ನಡೆಯುವುದರಿಂದ ಹೊರಗೆ ಕಾಣುವುದಿಲ್ಲ. ಯಾರಾದರೂ ಸಾಯಬಹುದು ಎಂದು ತೀರ್ಮಾನಿಸಿದ ದಿನದಿಂದ ಲೇಖಕರು ಆ ವ್ಯಕ್ತಿ ಇಲ್ಲದಿದ್ದರೂ ಮುಂದುವರಿಯುವ ಕಥೆಯನ್ನೇ ಬರೆಯಬೇಕಾಗುತ್ತದೆ. ಮುಂದಿನ ಯಾವ ಮುಖ್ಯ ತಿರುವೂ ಅವಳ ಮೇಲೆ ನಿಲ್ಲುವಂತಿಲ್ಲ, ಯಾಕೆಂದರೆ ಅರ್ಧ ಜನರ ಆಟದಲ್ಲಿ ಅವಳು ಇಲ್ಲದಿರಬಹುದು. ಅವಳು ಆಡಬೇಕಾದ ಮಾತಿಗೆ ಇನ್ನೊಬ್ಬರನ್ನು ಸಿದ್ಧವಾಗಿಟ್ಟಿರಬೇಕು. 2012ರ ‘ಮಾಸ್ ಎಫೆಕ್ಟ್ 3’ರಲ್ಲಿ ಇದರ ಫಲ ಸಾಲುಸಾಲಾಗಿ ಕಾಣುತ್ತದೆ. ಎರಡನೆಯ ಆಟದಲ್ಲಿ ಸಾಯಬಹುದಾಗಿದ್ದ ಆ ಹತ್ತು ಮಂದಿಯಲ್ಲಿ ತಂಡಕ್ಕೆ ಕಾಯಂ ಆಗಿ ಮರಳುವವರು ಗ್ಯಾರಸ್ ಮತ್ತು ಟಾಲಿ ಇಬ್ಬರೇ. ಮಿರಾಂಡಾ, ಜ್ಯಾಕ್, ಸಮಾರಾ, ಗ್ರಂಟ್, ಜೇಕಬ್ ಒಂದೊಂದು ಕಡೆ ಮುಖ ತೋರಿಸಿ ಹೋಗುತ್ತಾರೆ. ಕ್ರೋಗನ್ ಕುಲದ ನಾಯಕ ರೆಕ್ಸ್ ಹಿಂದೆಯೇ ಸತ್ತಿದ್ದರೆ ಆ ಗಾದಿಯಲ್ಲಿ ರೀವ್ ಕೂತಿರುತ್ತಾನೆ. ವಿಜ್ಞಾನಿ ಮಾರ್ಡಿನ್ ಸತ್ತಿದ್ದರೆ ಅವನ ಪ್ರಯೋಗಾಲಯದಲ್ಲಿ ಪಡೋಕ್ ವಿಕ್ಸ್ ಇರುತ್ತಾನೆ. ಹಿಂದಿನ ಆಟದಲ್ಲಿ ಅಷ್ಟು ಶ್ರಮಪಟ್ಟು ಬದುಕಿಸಿಕೊಂಡವರನ್ನು ಮುಂದಿನ ಆಟದಲ್ಲಿ ಹತ್ತು ನಿಮಿಷ ಮಾತಾಡಿಸಿ ಕಳಿಸುವಾಗ ಆಗುವ ಬೇಸರವನ್ನು ಜನ ಲೇಖಕರ ಸೋಮಾರಿತನ ಎಂದು ಬಗೆದರು. ಅದು ಸೋಮಾರಿತನವಲ್ಲ, ಸಾಯುವ ಸಾಧ್ಯತೆಗೆ ತೆತ್ತ ಬೆಲೆ. ಸತ್ತವರಿಗಿಂತ ಹೆಚ್ಚಾಗಿ ಬದುಕಿದವರೇ ಅದನ್ನು ತೆರುತ್ತಾರೆ.

ಫೈರ್ ಎಂಬ್ಲಮ್ ಇದೇ ಇಕ್ಕಟ್ಟನ್ನು ಬೇರೆ ದಾರಿಯಲ್ಲಿ ದಾಟಿತು. ಅಲ್ಲಿ ಹೆಚ್ಚಿನ ಪಾತ್ರಗಳು ಸೈನ್ಯ ಸೇರಿದ ಅಧ್ಯಾಯದ ನಂತರ ಮುಖ್ಯ ಕಥೆಯಲ್ಲಿ ಬಾಯೇ ಬಿಡುವುದಿಲ್ಲ. ಕಥೆಗೆ ಬೇಕೇಬೇಕಾದ ಕೆಲವರು ಬಿದ್ದಾಗ ‘ಗಾಯಗೊಂಡು ಹಿಂದೆ ಸರಿದರು’ ಎಂದು ಹೇಳಿ ಮುಂದಿನ ದೃಶ್ಯಗಳಲ್ಲಿ ಅವರನ್ನು ಉಳಿಸಿಕೊಳ್ಳಲಾಗುತ್ತದೆ. ಮೂರನೆಯ ದಾರಿಯೂ ಇದೆ, ಅದು ಮಾತನ್ನೇ ಹಿಂತೆಗೆದುಕೊಳ್ಳುವುದು. 2009ರ ‘ಡ್ರ್ಯಾಗನ್ ಏಜ್: ಆರಿಜಿನ್ಸ್’ನಲ್ಲಿ ಪವಿತ್ರ ಭಸ್ಮದ ಕಲಶವನ್ನು ಅಪವಿತ್ರಗೊಳಿಸಿದರೆ ಶ್ರದ್ಧಾವಂತೆ ಲೆಲಿಯಾನಾ ನಮ್ಮ ಮೇಲೆಯೇ ಕತ್ತಿ ಹಿರಿಯುತ್ತಾಳೆ, ನಾವು ಅವಳನ್ನು ಕೊಲ್ಲಬೇಕಾಗುತ್ತದೆ. ಈ ಬಗೆಯ ಸಾವುಗಳಲ್ಲಿ ಇದಕ್ಕಿಂತ ನ್ಯಾಯವಾದದ್ದು ಸಿಗುವುದು ಕಷ್ಟ. ಅವಳು ಸಾಯುವುದು ತನ್ನ ನಂಬಿಕೆಯಿಂದಾಗಿ. ಆದರೆ 2014ರ ‘ಇನ್‌ಕ್ವಿಸಿಶನ್’ಗೆ ಅವಳು ಬೇಕಾಗಿದ್ದಳು. ಹಾಗಾಗಿ ನಾವು ಕೊಂದಿದ್ದರೂ ಅವಳು ಅಲ್ಲಿ ಬದುಕಿಯೇ ಇದ್ದಾಳೆ. ಕಥೆಗೆ ಅನಿವಾರ್ಯಳಾದವಳು ಮತ್ತು ಯಾವ ಗಳಿಗೆಯಲ್ಲೂ ಸಾಯಬಲ್ಲವಳು, ಈ ಎರಡನ್ನೂ ಒಬ್ಬಳಲ್ಲೇ ಬಹುಕಾಲ ಹಿಡಿದಿಡುವುದು ಕಷ್ಟ. ಸಾವಿನ ಸ್ವಾತಂತ್ರ್ಯ ಕೇಳುವವರು ಇದರಲ್ಲಿ ಯಾವುದನ್ನು ಬಿಟ್ಟುಕೊಡಲು ಸಿದ್ಧ ಎಂದೂ ಹೇಳಬೇಕು.

ಎದುರು ವಾದಗಳಲ್ಲಿ ಗಟ್ಟಿಯಾದದ್ದು ಹೊಣೆಗಾರಿಕೆಯದು. ತನ್ನ ನಿರ್ಧಾರದಿಂದ ಒಬ್ಬರು ಸತ್ತರು ಎಂಬ ಭಾರವನ್ನು ಓದುಗನ ಹೆಗಲಿಗೆ ಕಾದಂಬರಿ ಹೊರಿಸಲಾರದು, ಗೇಮ್ ಹೊರಿಸಬಲ್ಲದು. ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಹೊಣೆಗಾರಿಕೆ ಬರಬೇಕಾದರೆ ಏನನ್ನು ಆರಿಸುತ್ತಿದ್ದೇನೆ ಎಂದು ಮೊದಲೇ ತಿಳಿದಿರಬೇಕು, ಎರಡೂ ಕಡೆ ಕಾರಣಗಳಿರಬೇಕು. ಈ ಅಳತೆಗೋಲು ಹಿಡಿದರೆ ಪ್ರಸಿದ್ಧ ಉದಾಹರಣೆಗಳೂ ಅಲುಗಾಡುತ್ತವೆ. 2007ರ ಮೊದಲ ‘ಮಾಸ್ ಎಫೆಕ್ಟ್’ನಲ್ಲಿ ವಿರ್ಮೈರ್ ಎಂಬ ಗ್ರಹದಲ್ಲಿ ಆಶ್ಲಿ ವಿಲಿಯಮ್ಸ್, ಕೈಡನ್ ಅಲೆಂಕೊ ಇಬ್ಬರೂ ಎರಡು ದಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದಾರೆ, ಒಬ್ಬರನ್ನು ಮಾತ್ರ ಉಳಿಸಬಹುದು. ಇಲ್ಲಿ ತಿಳಿವಳಿಕೆ ಇದೆ, ಮರೆಮಾಚಿದ್ದು ಏನೂ ಇಲ್ಲ. ಕಾರಣ ಮಾತ್ರ ಇಲ್ಲ. ಯಾರನ್ನು ಆರಿಸಿದರೂ ದಾಳಿ ಗೆಲ್ಲುತ್ತದೆ, ಮುಂದಿನ ಎರಡು ಆಟಗಳಲ್ಲಿ ಉಳಿದವರು ನಿಲ್ಲುವ ಜಾಗವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪ್ರಶ್ನೆ ಯಾರ ಜೀವ ಎಂದು ಕೇಳಿದಂತೆ ಕಂಡರೂ, ನಿಜದಲ್ಲಿ ನಿನಗೆ ಯಾರು ಹೆಚ್ಚು ಇಷ್ಟ ಎಂದು ಕೇಳುತ್ತದೆ. ಇಷ್ಟವಾದವರನ್ನು ಉಳಿಸಿಕೊಂಡವರಿಗೆ ಕಳೆದುಹೋದದ್ದು ಸ್ವಲ್ಪವೇ.

ಇದಕ್ಕೆ ವಿರುದ್ಧ ತುದಿಯಲ್ಲಿರುವುದು 1994ರ ‘ಫೈನಲ್ ಫ್ಯಾಂಟಸಿ 6’ರ ಶ್ಯಾಡೊ. ಕೂಲಿಗೆ ಕತ್ತಿ ಹಿಡಿಯುವ ಆತ ಆಟದುದ್ದಕ್ಕೂ ಬರುತ್ತಾನೆ, ಹೇಳದೆ ಹೋಗುತ್ತಾನೆ, ಯಾರಿಗೂ ಕಾಯುವವನಲ್ಲ. ತೇಲುವ ಭೂಖಂಡ ಒಡೆಯುತ್ತಿರುವಾಗ ಶತ್ರುವನ್ನು ತಡೆದು ನಿಂತು ನಮ್ಮನ್ನು ಓಡಿಹೋಗಲು ಬಿಡುತ್ತಾನೆ. ತಪ್ಪಿಸಿಕೊಳ್ಳಲು 6 ನಿಮಿಷ. ಅಂಚಿಗೆ ಬಂದಾಗ ಕೆಳಗೆ ಹಡಗು ಕಾದಿದೆ, ತೆರೆಯ ಮೇಲೆ ಸೆಕೆಂಡುಗಳು ಇಳಿಯುತ್ತಿವೆ, ಎದುರಿಗೆ ಎರಡೇ ಆಯ್ಕೆ: ಜಿಗಿಯುವುದು, ಕಾಯುವುದು. ಕೊನೆಯ 5 ಸೆಕೆಂಡಿನವರೆಗೆ ಕಾದರೆ ಆತ ಓಡಿಬರುತ್ತಾನೆ. ಜಿಗಿದರೆ ಅವನನ್ನು ಇನ್ನೆಂದೂ ಕಾಣುವುದಿಲ್ಲ. ಯಾರಿಗೂ ಕಾಯದವನಿಗಾಗಿ ನೀನು ಕಾಯುತ್ತೀಯಾ? ವ್ಯಕ್ತಿಗೂ ಆಯ್ಕೆಗೂ ಇರುವ ಈ ಹೊಂದಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೆ ಮೊದಲ ಸಲ ಆಡುವವರಿಗೆ ಕಾದರೆ ಬರುತ್ತಾನೆ ಎಂದು ತಿಳಿಯುವ ದಾರಿ ಬಹಳ ಕಿರಿದು. ಜಿಗಿದವರಲ್ಲಿ ಎಷ್ಟೋ ಮಂದಿ ಅವನನ್ನು ತೊರೆಯಲು ನಿರ್ಧರಿಸಿದವರಲ್ಲ, ಗಡಿಯಾರಕ್ಕೆ ಹೆದರಿದವರು. ವಿರ್ಮೈರ್‌ನಲ್ಲಿ ಅರಿವಿದೆ, ಅರ್ಥ ತೆಳು; ಶ್ಯಾಡೊನ ವಿಷಯದಲ್ಲಿ ಅರ್ಥ ದಟ್ಟ, ಅರಿವು ಸಾಲದು.

ಇನ್ನು ಮೊದಲೇ ನಿಗದಿಯಾದ ಸಾವು ಗೇಮ್ ಎಂಬ ಮಾಧ್ಯಮಕ್ಕೇ ಮಾಡಿದ ಮೋಸ ಎಂಬ ದೂರು. ಇದು ವಿಷಯವನ್ನು ತಲೆಕೆಳಗಾಗಿ ನೋಡಿದ್ದು. ಏನೂ ಮಾಡಲಾಗದು ಎಂಬ ಅಸಹಾಯಕತೆ ಸಿನಿಮಾದ ನೋಡುಗನಿಗೆ ಹೊಸತಲ್ಲ, ಆತ ಮೊದಲಿಂದಲೂ ಕೈಕಟ್ಟಿ ಕೂತವನು. ಇಷ್ಟು ಹೊತ್ತು ಎಲ್ಲವನ್ನೂ ಮಾಡಬಲ್ಲವನಾಗಿದ್ದವನ ಕೈಯಲ್ಲೇ ಅಸಹಾಯಕತೆ ಅಸಹಾಯಕತೆಯಾಗುವುದು. ಜಪಾನಿನ ಕೆಲವು ಆಟಗಳು ಇದನ್ನು ಬಹಳ ಮೊದಲೇ ಅರಿತಿದ್ದವು. ಸೇಗಾದ 1989ರ ‘ಫ್ಯಾಂಟಸಿ ಸ್ಟಾರ್ 2’ರಲ್ಲಿ ಸತ್ತ ಸಂಗಡಿಗರನ್ನು ಊರಿನ ಕ್ಲೋನ್ ಪ್ರಯೋಗಾಲಯಗಳಲ್ಲಿ ಹಣ ಕೊಟ್ಟು ಮರಳಿ ಪಡೆಯಬಹುದು, ನೇಯ್ ಎಂಬ ಹುಡುಗಿಯೊಬ್ಬಳನ್ನು ಬಿಟ್ಟು. 1992ರ ‘ಫೈನಲ್ ಫ್ಯಾಂಟಸಿ 5’ ಇನ್ನೂ ಮುಂದೆ ಹೋಯಿತು. ವಯಸ್ಸಾದ ಗಾಲುಫ್ ಮೂವರು ಎಳೆಯರನ್ನು ಕಾಪಾಡಲು ಶತ್ರುವಿನೆದುರು ಒಬ್ಬನೇ ನಿಲ್ಲುತ್ತಾನೆ. ಪೆಟ್ಟು ಬೀಳುತ್ತದೆ, ಅಂಕ ಸೊನ್ನೆಗಿಳಿಯುತ್ತದೆ. ಇಷ್ಟು ಹೊತ್ತಿನ ಆಟದಲ್ಲಿ ಸೊನ್ನೆಯೆಂದರೆ ನೆಲ. ಗಾಲುಫ್ ಬೀಳುವುದಿಲ್ಲ. ಸೊನ್ನೆಯಲ್ಲೇ ನಿಂತು ಹೊಡೆಯುತ್ತಲೇ ಇರುತ್ತಾನೆ. ಯುದ್ಧ ಮುಗಿದ ಮೇಲೆ ಮೂವರೂ ಓಡಿಬಂದು ನಮಗೆ ಚಿರಪರಿಚಿತವಾದ ಮಂತ್ರಗಳನ್ನೂ ಬಿದ್ದವರನ್ನು ಎಬ್ಬಿಸುವ ಫೀನಿಕ್ಸ್‌ನ ಗರಿಯನ್ನೂ ಒಂದರ ಮೇಲೊಂದು ಪ್ರಯೋಗಿಸುತ್ತಾರೆ. ಪ್ರತಿ ಸಲ ಅದೇ ಪರಿಚಿತ ಮಿನುಗು. ಒಂದೂ ತಾಗುವುದಿಲ್ಲ. ಮೊದಲ ಬಗೆಯ ಸಾವಿಗೂ ಮೂರನೆಯ ಬಗೆಯ ಸಾವಿಗೂ ನಡುವಿನ ಗೆರೆಯನ್ನು ಮಾತಿಲ್ಲದೆ, ಆಟದ ಸಾಮಗ್ರಿಯಿಂದಲೇ ಎಳೆದದ್ದು ಇದು. ಮುಂದೆ ಗಾಲುಫ್‌ನ ಮೊಮ್ಮಗಳು ಕ್ರೈಲ್ ತಂಡ ಸೇರುತ್ತಾಳೆ, ಅಜ್ಜ ಕಲಿತ ವಿದ್ಯೆಯೆಲ್ಲ ಅವಳ ಹೆಸರಿನಡಿ ಬಂದು ಕೂತಿರುತ್ತದೆ.

1997ರ ‘ಫೈನಲ್ ಫ್ಯಾಂಟಸಿ 7’ರ ಏರಿತ್ ಬಗ್ಗೆ ಹೇಳದೆ ಈ ಚರ್ಚೆ ಮುಗಿಯದು. ಅವಳಿಗೆ ಫೀನಿಕ್ಸ್ ಗರಿ ಯಾಕೆ ಹಾಕಲಿಲ್ಲ ಎಂಬುದು ಕಾಲು ಶತಮಾನದಿಂದ ಕೇಳಿಬರುತ್ತಿರುವ ಆಕ್ಷೇಪ. ಸರಣಿಯ ಜಪಾನಿ ಮೂಲದಲ್ಲಿ ಅಂಕ ಸೊನ್ನೆಯಾದ ಸ್ಥಿತಿಗೆ ಬಳಸುವ ಮಾತಿನ ಅರ್ಥ ‘ಕಾದಾಡಲಾಗದು’ ಎಂದಷ್ಟೇ, ‘ಸತ್ತ’ ಎಂದಲ್ಲ. ಅಲ್ಲಿಗೆ ಆಕ್ಷೇಪದ ಬಹುಪಾಲು ಕರಗುತ್ತದೆ. ನನಗೆ ಮುಖ್ಯವೆನಿಸುವುದು ಅವಳು ಸತ್ತ ಮರುಕ್ಷಣದ ಕಾದಾಟ. ಅಲ್ಲಿ ರೂಢಿಯ ರಣಸಂಗೀತ ಮೊಳಗುವುದಿಲ್ಲ. ಅವಳದೇ ರಾಗ ಮುಂದುವರಿಯುತ್ತದೆ, ನಾವು ಅದರಡಿಯಲ್ಲಿ ಗುಂಡಿ ಒತ್ತುತ್ತ ಶತ್ರುವಿನ ಅಂಕ ಇಳಿಸಬೇಕು. ಅಲ್ಲಿಂದ ಮುಂದೆ ಎರಡು ಡಿಸ್ಕ್‌ಗಳಷ್ಟು ಆಟ ಉಳಿದಿದೆ, ಅಷ್ಟರಲ್ಲೂ ತಂಡದ ಪಟ್ಟಿಯಲ್ಲಿ ಅವಳ ಸಾಲಿಲ್ಲ. ಅವಳನ್ನು ಬದುಕಿಸಲು ಯಾವುದೋ ಗುಟ್ಟಿನ ದಾರಿ ಇರಲೇಬೇಕೆಂದು ಜನ ವರ್ಷಗಟ್ಟಲೆ ಹುಡುಕಿದರು. ಅಂಥ ದಾರಿ ಇದ್ದಿದ್ದರೆ ಆ ಹುಡುಕಾಟ ಒಂದು ವಾರದಲ್ಲಿ ಮುಗಿದು, ಉತ್ತರ ಯಾವುದೋ ಕೈಪಿಡಿಯ ಪುಟ ಸೇರುತ್ತಿತ್ತು.

ಹಾಗೆಂದು ನಿಗದಿಯಾದ ಸಾವೆಲ್ಲ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ‘ಫೈನಲ್ ಫ್ಯಾಂಟಸಿ 4’ರಲ್ಲಿ ಅವಳಿ ಮಕ್ಕಳು ಕಲ್ಲಾಗುತ್ತಾರೆ, ಸಿಡ್ ಬಾಂಬ್ ಹಿಡಿದು ಜಿಗಿಯುತ್ತಾನೆ, ಯಾಂಗ್ ಸ್ಫೋಟದ ಕೋಣೆಯಲ್ಲಿ ಉಳಿಯುತ್ತಾನೆ, ಆಮೇಲೆ ಇವರೆಲ್ಲ ಬದುಕಿ ಬರುತ್ತಾರೆ. ಎರಡನೆಯವರು ಮರಳುವ ಹೊತ್ತಿಗೆ ನಮ್ಮ ಕಣ್ಣೀರು ಬತ್ತಿರುತ್ತದೆ. ‘ಡ್ರ್ಯಾಗನ್ ಏಜ್ 2’ ಶುರುವಾದ ಸ್ವಲ್ಪದರಲ್ಲೇ ನಾಯಕನ ತಮ್ಮ ಅಥವಾ ತಂಗಿ ರಾಕ್ಷಸನ ಕೈಯಲ್ಲಿ ಸಾಯಬೇಕು. ಯಾರೆಂಬುದು ನಾವು ಮಾಂತ್ರಿಕರೋ ಅಲ್ಲವೋ ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಪರಿಚಯವೇ ಆಗದವರಿಗಾಗಿ ಅಳಲು ಕೇಳುವುದು ನ್ಯಾಯವಲ್ಲ. ಆದ್ದರಿಂದ ಗುಂಡಿಯನ್ನು ಆಡುವವರ ಕೈಯಿಂದ ತೆಗೆದು ಬರೆದವರ ಕೈಗೆ ಕೊಟ್ಟ ಮಾತ್ರಕ್ಕೆ ಏನೂ ಸರಿಹೋಗುವುದಿಲ್ಲ. ಇಬ್ಬರ ಕೈಗೂ ಸಿಗದ ಒಂದು ಜಾಗವಿದೆ, ಅದು ಸಾಯುವವರ ಮನಸ್ಸು.

ಇದು ನಮಗೆ ಹೊಸ ವಿಚಾರವಲ್ಲ. ತಾಳಮದ್ದಳೆಯಲ್ಲಿ ಕರ್ಣಪರ್ವ ನಡೆಯುವಾಗ ಕರ್ಣ ಸಾಯುತ್ತಾನೆಂದು ಚಾವಡಿಯಲ್ಲಿ ಕೂತ ಮಗುವಿಗೂ ಗೊತ್ತು. ತಪ್ಪಿಸಬಹುದಾದ ಸಾವಿಗೆ ಮಾತ್ರ ತೂಕ ಎನ್ನುವುದಾದರೆ ರಾತ್ರಿಯಿಡೀ ಯಾರೂ ಅಲ್ಲಿ ಕೂರಬೇಕಾಗಿರಲಿಲ್ಲ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಕರ್ಣನ ಸಾವು ತಪ್ಪಿಸಬಹುದಾದದ್ದೇ. ಕೃಷ್ಣ ಹುಟ್ಟಿನ ಗುಟ್ಟು ತಿಳಿಸಿ ರಾಜ್ಯವನ್ನೇ ಮುಂದಿಟ್ಟ, ಕುಂತಿಯೂ ಬಂದು ಬೇಡಿದಳು. ಬದುಕುವ ಆಯ್ಕೆ ಅವನ ಮುಂದೆ ನಿಚ್ಚಳವಾಗಿ ಇತ್ತು, ಆತ ಬೇಡವೆಂದ. ಸಾಧ್ಯತೆ ಅಲ್ಲೂ ಇದೆ. ಅದನ್ನು ಕೊಟ್ಟದ್ದು ಕೇಳುಗನಿಗಲ್ಲ, ಕರ್ಣನಿಗೆ. ಸಾಧ್ಯತೆ ಬೇಕೇ ಬೇಡವೇ ಎಂದು ಜಗಳವಾಡುವ ನಾವು ಅದು ಯಾರ ಪಾಲಿನದಾಗಿರಬೇಕು ಎಂದು ಕೇಳಿಕೊಂಡೇ ಇಲ್ಲ.

ಗೇಮ್‌ಗಳಿಗೆ ಈ ದಾರಿ ಗೊತ್ತಿಲ್ಲವೆಂದೇನಿಲ್ಲ. ‘ಮಾಸ್ ಎಫೆಕ್ಟ್ 3’ರ ಬಗ್ಗೆ ಮೇಲೆ ಕಠಿಣವಾಗಿ ಬರೆದೆ, ಅದರೊಳಗಿನ ಮಾರ್ಡಿನ್‌ನ ಸಾವು ನಾನು ಬಲ್ಲ ಅತ್ಯುತ್ತಮವಾದವುಗಳಲ್ಲಿ ಒಂದು. ಕ್ರೋಗನ್ ಜನಾಂಗದ ಸಂತಾನವನ್ನು ಹಿಂಡುವ ಸೋಂಕೊಂದನ್ನು ಹಿಂದೆ ಇನ್ನಷ್ಟು ಹರಿತಗೊಳಿಸಿದ ವಿಜ್ಞಾನಿ ಆತ. ಅದು ಅಗತ್ಯವಾಗಿತ್ತೆಂದು ಎರಡನೆಯ ಆಟದುದ್ದಕ್ಕೂ ವಾದಿಸುತ್ತಾನೆ, ವಾದಿಸುವ ಭರದಲ್ಲೇ ಅವನ ಒಳಗಿನ ಕೊರೆತ ಕಾಣುತ್ತದೆ. ಈಗ ಔಷಧ ಸಿದ್ಧವಾಗಿದೆ, ಅದನ್ನು ಹರಡಬೇಕಾದ ಗೋಪುರ ಕುಸಿಯುತ್ತಿದೆ, ಯಾರಾದರೂ ಮೇಲೆ ಹೋಗಿ ಸರಿಪಡಿಸಬೇಕು. ಮಾರ್ಡಿನ್ ಲಿಫ್ಟಿನತ್ತ ನಡೆಯುತ್ತಾನೆ. ಆಡುವವರು ಅವನನ್ನು ಕಳಿಸಿದ್ದಲ್ಲ. ಬೆನ್ನಿಗೆ ಗುಂಡಿಟ್ಟು ತಡೆಯಬಹುದು, ಆ ಕ್ರೂರ ಅವಕಾಶ ಆಟದಲ್ಲಿದೆ. ಮಾತಿನಿಂದ ತಡೆಯಲೂ ಒಂದು ದಾರಿಯಿದೆ: ರೆಕ್ಸ್ ಸತ್ತು, ಆ ಜನಾಂಗದ ವಿವೇಕದ ದನಿಯಾದ ಈವ್ ಕೂಡ ಉಳಿಯದಿದ್ದರೆ, ಯುದ್ಧಕೋರ ರೀವ್‌ನ ಕೈಗೆ ಈ ಔಷಧ ಕೊಡುವುದು ಅಪಾಯ ಎಂದು ವಾದಿಸಿದರೆ ಆತ ನಿಲ್ಲುತ್ತಾನೆ. ಇಲ್ಲಿ ಪಟ್ಟಿಯ ಗುರುತುಗಳೇನೂ ಕೆಲಸ ಮಾಡುವುದಿಲ್ಲ. ಅವನನ್ನು ಉಳಿಸಲು ಅವನಿಗೆ ಒಪ್ಪಿಗೆಯಾಗುವ ಕಾರಣ ಬೇಕು, ಮತ್ತು ಆ ಕಾರಣ ನಿಜವಾಗುವುದು ಲೋಕ ಇನ್ನಷ್ಟು ಕೆಟ್ಟಿದ್ದರೆ ಮಾತ್ರ. ಮಾರ್ಡಿನ್ ಎರಡನೆಯ ಆಟದಲ್ಲೇ ಸತ್ತಿದ್ದವರ ಪಾಲಿಗೆ ಅದೇ ಗೋಪುರವನ್ನು ಪಡೋಕ್ ವಿಕ್ಸ್ ಹತ್ತುತ್ತಾನೆ, ಅದೇ ಬೆಂಕಿಯಲ್ಲಿ ಸಾಯುತ್ತಾನೆ. ದೃಶ್ಯ ಅದೇ, ತ್ಯಾಗ ಅದೇ. ಪಡೋಕ್ ಒಳ್ಳೆಯವನು, ಆದರೆ ಆ ಮೆಟ್ಟಿಲುಗಳನ್ನು ಅವನು ತಾನೇ ಕಟ್ಟಿದ್ದಲ್ಲ.

‘ಆರಿಜಿನ್ಸ್’ನ ಆಲಿಸ್ಟರ್ ಇನ್ನೊಬ್ಬ. ಅವನೂ ನಾವೂ ಗ್ರೇ ವಾರ್ಡನ್ ಎಂಬ ಯೋಧರ ಪಂಗಡದವರು; ಕೊನೆಯ ಮಹಾಸರ್ಪವನ್ನು ಕೊಲ್ಲುವ ವಾರ್ಡನ್ ತಾನೂ ಸಾಯಬೇಕು ಎಂಬುದು ಅಲ್ಲಿನ ಕಟ್ಟಳೆ. ಮಾಟಗಾತಿ ಮಾರಿಗನ್ ಹೇಳುವ ದಾರಿಯನ್ನು ಒಪ್ಪದಿದ್ದರೆ, ಅವನೋ ನಾವೋ ಎಂಬಲ್ಲಿಗೆ ಕಥೆ ಬಂದು ನಿಲ್ಲುತ್ತದೆ. ಇಡೀ ಆಟದಲ್ಲಿ ನಿರ್ಧಾರ ನಮ್ಮದು. ಯಾರು ರಾಜನಾಗಬೇಕು ಎಂಬುದನ್ನೂ ನಾವೇ ತೀರ್ಮಾನಿಸಿದ್ದೇವೆ. ಆದರೆ ನಾಯಕಿ ಆಲಿಸ್ಟರ್‌ನನ್ನು ಪ್ರೀತಿಸಿದ್ದು, ಆತ ಆ ಕಡೆಯ ಯುದ್ಧದಲ್ಲಿ ಅವಳ ಪಕ್ಕದಲ್ಲಿದ್ದರೆ, ಆಯ್ಕೆ ಅವಳಿಗೆ ಸಿಗುವುದಿಲ್ಲ. ಅವಳು ಸಾಯುವುದು ಬೇಡವೆಂದು ಆತ ಹೇಳುತ್ತಾನೆ, ತಾನೇ ಕತ್ತಿ ಹಿಡಿದು ಓಡುತ್ತಾನೆ. ಇದನ್ನು ಆಡುವವರ ಸ್ವಾತಂತ್ರ್ಯಹರಣ ಎಂದವರುಂಟು. ಪ್ರೀತಿಸಿದವನಿಗೆ ತನ್ನದೇ ಇಚ್ಛೆ ಇದೆ ಎಂದು ಆ ಗಳಿಗೆಯಲ್ಲಿ ತಿಳಿದಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ತಿಳಿದಿಲ್ಲ. ಅವನನ್ನು ಉಳಿಸಲು ಉಳಿದಿರುವ ದಾರಿ ಒಂದೇ. ಡೆನೆರಿಮ್ ನಗರದ ಬಾಗಿಲಲ್ಲಿ, ಒಳಗೆ ಬರುವ ಮೂವರನ್ನು ಆರಿಸುವಾಗ, ಅವನ ಹೆಸರನ್ನು ಬಿಡಬೇಕು. ಉಳಿದವರು ಬಾಗಿಲು ಕಾಯಲು ನಿಲ್ಲುತ್ತಾರೆ, ಒಬ್ಬೊಬ್ಬರ ಬಳಿಯೂ ಹೋಗಿ ವಿದಾಯದ ಮಾತಾಡಬಹುದು. ಆತನೊಂದಿಗೂ ಮಾತಾಡಿ, ಅವನನ್ನು ಅಲ್ಲೇ ಬಿಟ್ಟು, ಬೇರೆ ಮೂವರೊಡನೆ ಕೋಟೆಯ ಕಡೆ ನಡೆಯಬೇಕು.